ಒಂಟಿ ಸೀನು ಮತ್ತು ಫುಜಿ ಗುಡ್ಡ

ಜಪಾನಿಗೆ ನಾನು ಹದಿನಾಲ್ಕು ಸಲ ಹೋಗಿ ಬಂದಿದ್ದೇನೆ. ಆ ದೇಶ ಹೇಗಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ಟೂರ್ ಮ್ಯಾನೇಜರ್ ಎನ್ನುವವನು ಕೈಯಲ್ಲಿ ಬಾವುಟ ಹಿಡಿದು, ನೋಡುವ ಜಾಗಕ್ಕೆ ಬೆನ್ನು ಮಾಡಿ, ನೋಡುವ ಜನರಿಗೆ ಮುಖ ಮಾಡಿ ನಿಲ್ಲುವ ಮನುಷ್ಯ. ಕ್ಯೋಟೋದ ಚಿನ್ನದ ಗುಡಿ ಕೆರೆಯ ನೀರಿನಲ್ಲಿ ಹೊಳೆಯುತ್ತಿದ್ದಾಗ ನಾನು ಮಾನ್ವಿಯವರು ಎಷ್ಟು, ದೇವದುರ್ಗದವರು ಎಷ್ಟು ಎಂದು ತಲೆ ಎಣಿಸುತ್ತಿದ್ದೆ. ಬಿದಿರಿನ ತೋಪಿನಲ್ಲಿ ಬಿದಿರು ಎಷ್ಟು ಎತ್ತರವಿದೆ ಎಂದು ಕೇಳಬೇಡಿ. ನಮ್ಮವರ ಕತ್ತು ಎಷ್ಟು ಮೇಲಕ್ಕೆ ಹೋಗಿತ್ತು ಎಂಬುದನ್ನು ಬೇಕಾದರೆ ತೋರಿಸುತ್ತೇನೆ.

ಈಗ ನಿವೃತ್ತನಾಗಿ ರಾಯಚೂರಿನ ಮನೆಯಲ್ಲಿ ಕುಳಿತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬಂದು ವೀಸಾ, ಹೋಟೆಲು, ಹವಾಮಾನ ಎಂದು ಕೇಳುತ್ತಾರೆ. ಅದೆಲ್ಲ ನಿಮ್ಮ ಫೋನಿನಲ್ಲೇ ಇದೆಯಲ್ಲಪ್ಪ, ಫೋನಿನಲ್ಲಿ ಇಲ್ಲದ್ದನ್ನು ಕೇಳಿ ಎನ್ನುತ್ತೇನೆ. ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವ ವಯಸ್ಸು ನನಗೆ ಬಂದಿರುವುದರಿಂದ ಬರೆಯುತ್ತಿದ್ದೇನೆ.

ಮೊದಲ ಪಾಠ ಸೀನಿನದು. ನಮ್ಮ ಕಡೆ ಮನೆಯಿಂದ ಹೊರಡುವಾಗ ಯಾರಾದರೂ ಒಂದೇ ಒಂದು ಸೀನು ಸೀನಿದರೆ ಮುಗಿಯಿತು, ಹೊರಟವರು ವಾಪಸು ಬಂದು ಹತ್ತು ನಿಮಿಷ ಕುಳಿತು, ಒಂದು ಗುಟುಕು ನೀರು ಕುಡಿದೇ ಮತ್ತೆ ಹೊರಡಬೇಕು. ಎರಡು ಸೀನಿದರೆ ದೋಷವಿಲ್ಲ. ಈ ಶಾಸ್ತ್ರವನ್ನು ನಂಬುವವರು ಕಡಿಮೆಯಾಗಿದ್ದಾರೆ, ಕುಳಿತುಕೊಳ್ಳುವವರು ಮಾತ್ರ ಕಡಿಮೆಯಾಗಿಲ್ಲ. ನಮ್ಮ ಮಾಲೀಕರಾದ ವಿರುಪಣ್ಣ ಸಾವ್ಕಾರರ ಬಸ್ಸುಗಳು ಶ್ರೀಶೈಲಕ್ಕೆ, ತಿರುಪತಿಗೆ ಹೋಗುತ್ತಿದ್ದ ಕಾಲದಲ್ಲಿ ನಾನು ಬಸ್ಸಿನ ವೇಳೆಯಲ್ಲೇ ಹತ್ತು ನಿಮಿಷ ಸೀನಿಗೆಂದು ತೆಗೆದಿಡುತ್ತಿದ್ದೆ. ಸೀನು ಬಾರದ ದಿನ ಆ ಹತ್ತು ನಿಮಿಷ ಡ್ರೈವರನ ಚಹಾಕ್ಕೆ ಹೋಗುತ್ತಿತ್ತು. ಇಪ್ಪತ್ತು ವರ್ಷ ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಲಿಲ್ಲ.

ಆಮೇಲೆ ಸಾವ್ಕಾರರ ತಲೆಗೆ ಜಪಾನ್ ಹೊಕ್ಕಿತು. ಹೇಗೆ ಹೊಕ್ಕಿತೋ ತಿಳಿಯದು. ಒಂದು ಬೆಳಿಗ್ಗೆ ಆಫೀಸಿಗೆ ಹೋದಾಗ ಗೋಡೆಯ ಮೇಲೆ ಶ್ರೀಶೈಲದ ಪಕ್ಕದಲ್ಲಿ ಫುಜಿ ಪರ್ವತದ ಕ್ಯಾಲೆಂಡರು ನೇತಾಡುತ್ತಿತ್ತು. ಮೇಜಿನ ಮೇಲೆ ಹೊಸ ಪಾಂಪ್ಲೆಟ್ಟುಗಳ ಕಟ್ಟು. ದಪ್ಪ ಅಕ್ಷರದಲ್ಲಿ ‘ಫುಜಿ ದರ್ಶನ ಗ್ಯಾರಂಟಿ’ ಎಂದು ಅಚ್ಚಾಗಿತ್ತು.

“ಸಾವ್ಕಾರ್ರೀ, ಗುಡ್ಡಕ್ಕ ನಾವು ಗ್ಯಾರಂಟಿ ಕೊಡಾಕ ಬರಂಗಿಲ್ರಿ. ಮೋಡ ಮುಚ್ಚಿತಂದ್ರ ಏನ್ ಮಾಡೋದು?” ಎಂದೆ.

“ಏ ಶರಣಪ್ಪ, ಅಷ್ಟು ದೊಡ್ಡ ಗುಡ್ಡ ಅದ. ಎಲ್ಲಿಗೆ ಹೋಗ್ತದ?” ಎಂದರು ಸಾವ್ಕಾರರು.

ಅದು ಎಲ್ಲಿಗೂ ಹೋಗಲಿಲ್ಲ ನಿಜ. ಕಾಣಲೂ ಇಲ್ಲ. ಮೊದಲನೇ ಟೂರಿನಲ್ಲಿ ಮಳೆ, ಎರಡನೆಯದರಲ್ಲಿ ಮಂಜು. ಮೂರನೇ ಸಲ ಗುಡ್ಡದ ಬುಡದ ಕೆರೆಯ ದಂಡೆಯಲ್ಲಿ ಮೂರು ತಾಸು ನಿಂತು, ಬೆಳ್ಳಗಿನ ಗಾಳಿಗೆ ಕೈಮುಗಿದು, ಅದರದೇ ಫೋಟೋ ತೆಗೆದುಕೊಂಡು ಬಂದೆವು. ಹೀಗೆ ಹದಿಮೂರು ಸಲ. ನೀವು ನಂಬುವುದಿಲ್ಲ, ನಾನೂ ನಂಬುತ್ತಿರಲಿಲ್ಲ. ನಮ್ಮ ಜೊತೆಗಿರುತ್ತಿದ್ದ ಅಲ್ಲಿನ ಗೈಡು ಯೂಕೋ ಎಂಬ ಹೆಣ್ಣುಮಗಳು ಪ್ರತಿ ಸಲವೂ ನನ್ನೆದುರು ಸೊಂಟ ಬಗ್ಗಿಸಿ, ಮೋಡದ ಪರವಾಗಿ ಕ್ಷಮೆ ಕೇಳುತ್ತಿದ್ದಳು. ಇಡೀ ನನ್ನ ನೌಕರಿಯಲ್ಲಿ ಹವಾಮಾನದ ಹೊಣೆ ಹೊತ್ತುಕೊಂಡ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ.

ಗುಡ್ಡ ಬಿಟ್ಟರೆ ಉಳಿದದ್ದೆಲ್ಲ ಕಾಣುತ್ತಿತ್ತು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಕಾಣುತ್ತಿತ್ತು. ನಾರಾ ಊರಿನಲ್ಲಿ ಜಿಂಕೆಗಳು ಬೀದಿಯಲ್ಲೇ ತಿರುಗುತ್ತವೆ. ತಲೆಬಾಗಿಸಿದರೆ ತಾವೂ ತಲೆಬಾಗಿಸುತ್ತವೆ, ಬಿಸ್ಕತ್ತಿನ ಆಸೆಗೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾದ ಒಬ್ಬರು ಜಿಂಕೆಗೆ ಕೈಮುಗಿದು ತಲೆಬಾಗಿದರು. ಜಿಂಕೆ ಬಾಗಿತು. ಇವರು ಮತ್ತೆ ಬಾಗಿದರು. ಅದೂ ಬಾಗಿತು. ಬಸ್ಸು ಹಾರ್ನ್ ಹೊಡೆಯಿತು.

“ಬರ್ರಿ ಸಾಹೇಬ್ರ, ಟೈಮಾತು” ಎಂದು ಕೂಗಿದೆ.

“ಅದು ಮೊದ್ಲ ನಿಲ್ಲಸ್ಲಿ ತಡೀರಿ. ನಾ ಹೆಂಗ ನಿಲ್ಲಸ್ಲಿ? ಮರ್ಯಾದಿ ಅಲ್ಲ” ಎಂದರು ಅವರು, ಬಾಗುತ್ತಲೇ.

ಅವರನ್ನು ಎಳೆದು ತರಲು ಹೋದ ನನ್ನ ಹಿಂಜೇಬಿನಿಂದ ಇನ್ನೊಂದು ಜಿಂಕೆ ಪ್ಯಾಸೆಂಜರ್ ಲಿಸ್ಟನ್ನು ಎಳೆದು ಪೂರ್ತಿ ತಿಂದಿತು. ಸಾವ್ಕಾರರಿಗೆ ಫೋನು ಮಾಡಿ ಇನ್ನೊಂದು ಲಿಸ್ಟು ಕಳಿಸಿರೆಂದರೆ ಅವರು ನಂಬಲಿಲ್ಲ. “ಹುಲಿ ತಿಂತು ಅಂದಿದ್ರ ನಂಬ್ತಿದ್ದೆ, ಶರಣಪ್ಪ. ಜಿಂಕಿ ಅಂತಿಯಲ್ಲ!” ಎಂದರು. ಹೊಸಬರೇ, ಲಿಸ್ಟನ್ನು ಎದೆಯ ಜೇಬಿನಲ್ಲಿಡಿ. ಸಾಧ್ಯವಾದರೆ ಜನರ ಮುಖವನ್ನೇ ಬಾಯಿಪಾಠ ಮಾಡಿಕೊಳ್ಳಿ, ಅದನ್ನು ಜಿಂಕೆ ತಿನ್ನುವುದಿಲ್ಲ.

ಇಷ್ಟರಲ್ಲಿ ರಾಯಚೂರಿನಲ್ಲಿ ಒಂದು ಸುದ್ದಿ ಹುಟ್ಟಿತು. ಜಪಾನಿನಲ್ಲಿ ಆ ಗುಡ್ಡ ಇಲ್ಲವೇ ಇಲ್ಲ, ಬರೀ ಕ್ಯಾಲೆಂಡರಿನವರ ಫೋಟೋ ಅದು ಎಂದು. ತೀನ್ ಕಂದೀಲ್ ಬಳಿಯ ಚಹಾದಂಗಡಿಯಲ್ಲಿ ಜನ ನನ್ನನ್ನು ಕಂಡೊಡನೆ ಹಣೆಗೆ ಕೈಯಡ್ಡ ಹಿಡಿದು ದೂರ ನೋಡುವವರಂತೆ ನಟಿಸುತ್ತಿದ್ದರು. ನನಗೆ ‘ಮಂಜಿನ ಮ್ಯಾನೇಜರ್’ ಎಂದು ಹೆಸರಿಟ್ಟರು. ಸ್ವಂತ ಬೀಗರು ಊಟಕ್ಕೆ ಕುಳಿತಾಗ ದನಿ ತಗ್ಗಿಸಿ, “ನಮ್ಮ ಮುಂದ ಖರೇ ಹೇಳ್ರಿ, ಗುಡ್ಡ ಅದನೋ ಇಲ್ಲೋ?” ಎಂದು ಕೇಳಿದರು. ನಗುತ್ತಾ ಬರೆಯುತ್ತಿದ್ದೇನೆ, ಆದರೆ ಆ ದಿನ ಅರ್ಧ ಊಟಕ್ಕೇ ಕೈ ತೊಳೆದು ಎದ್ದೆ. ಮೂವತ್ತು ವರ್ಷ ಜನರನ್ನು ಕರೆದೊಯ್ದು ಸುರಕ್ಷಿತವಾಗಿ ಮನೆಗೆ ಮುಟ್ಟಿಸಿದವನು ಊರ ಬಾಯಲ್ಲಿ ಸುಳ್ಳುಗಾರನಾಗಿ ಮನೆಗೆ ಹೋಗಬೇಕಾಗಿ ಬಂದಿತ್ತು.

ನಿವೃತ್ತಿಗೆ ಮುಂಚಿನ ಕೊನೆಯ ಟೂರು ಬಂತು. ಸಾವ್ಕಾರರು ಕರೆದು ಹೇಳಿದರು: “ಈ ಸಲನೂ ಗುಡ್ಡ ಕಾಣ್ಲಿಲ್ಲಂದ್ರ ಜಪಾನ್ ಬೋರ್ಡು ತಗದು ಬಿಡ್ತೀನಿ. ಶ್ರೀಶೈಲ ಕಾಣ್ಲಿಲ್ಲ ಅಂತ ಇವತ್ತಿನ ತನಕ ಒಬ್ಬರೂ ಕಂಪ್ಲೇಂಟ್ ಕೊಟ್ಟಿಲ್ಲ ನೋಡು.”

ಆ ಟೂರಿನಲ್ಲಿ ಹದಿನೆಂಟು ಜನ. ಅವರಲ್ಲಿ ಇಬ್ಬರನ್ನು ನಿಮಗೆ ಪರಿಚಯ ಮಾಡಿಸಬೇಕು. ಒಬ್ಬರು ದೇವದುರ್ಗದ ಭೀಮರಾಯ ಮಾಸ್ತರರು. ಗಣಿತ ಕಲಿಸಿ ನಿವೃತ್ತರಾದವರು, ಬೌದ್ಧರು, ನಾರಾದ ದೊಡ್ಡ ಬುದ್ಧನನ್ನು ನೋಡಲೆಂದೇ ಬಂದವರು. ಶಕುನ, ರಾಹುಕಾಲ ಎಂದವರನ್ನು ಕಂಡರೆ ಬೋರ್ಡಿನ ಮೇಲೆ ತಪ್ಪು ಲೆಕ್ಕ ಕಂಡವರಂತೆ ಮುಖ ಮಾಡುತ್ತಿದ್ದರು. ಇನ್ನೊಬ್ಬರು ಬಾಗಲವಾಡದ ಹುಲಿಗೆಮ್ಮಕ್ಕ. ಸೂಲಗಿತ್ತಿಯ ಮಗಳು, ತಾನು ನರ್ಸು ಕೆಲಸ ಕಲಿತು ಮಾನ್ವಿ ಸುತ್ತಮುತ್ತ ಹೆರಿಗೆ ಮಾಡಿಸಿದವಳು. ಅರ್ಧ ತಾಲ್ಲೂಕು ಹುಟ್ಟಿದೊಡನೆ ಮೊದಲು ನೋಡಿದ್ದು ಅವಳ ಮುಖವನ್ನು. ಹಾಗಾಗಿ ಅವಳು ಕೂಡು ಎಂದರೆ ಜನ ಕೂಡುತ್ತಿದ್ದರು, ಏಳು ಎಂದರೆ ಏಳುತ್ತಿದ್ದರು.

ಮಾಸ್ತರರು ಮೊದಲ ದಿನವೇ ರಂಪ ಎಬ್ಬಿಸಿದರು. ಕ್ಯೋಟೋದ ಒಂದು ಗುಡಿಯೊಳಗೆ ಹೋಗುವಾಗ ಚಪ್ಪಲಿ ಬಿಡಬೇಕಿತ್ತು. ಜೋಡಿಯನ್ನು ಒಂದೇ ಕಡೆ ಬಿಟ್ಟರೆ ಕಳುವಾಗುತ್ತದೆ ಎಂದು ನಮ್ಮಲ್ಲಿ ಬಲ್ಲವರು ಒಂದು ಚಪ್ಪಲಿಯನ್ನು ಒಂದು ಮೂಲೆಯಲ್ಲಿ, ಇನ್ನೊಂದನ್ನು ಮತ್ತೊಂದು ಮೂಲೆಯಲ್ಲಿ ಬಿಡುತ್ತಾರೆ. ಮಾಸ್ತರರು ಬಲ್ಲವರು. ಅವರನ್ನು ನೋಡಿ ಉಳಿದ ಹದಿನೇಳು ಜನರೂ ಬಲ್ಲವರಾದರು. ಬುದ್ಧನಿಗೆ ನಮಿಸಿ ಹೊರಗೆ ಬಂದರೆ ಬಿಟ್ಟಲ್ಲಿ ಒಂದೂ ಇಲ್ಲ.

“ನೋಡ್ರಿ ಮ್ಯಾನೇಜರ್ರೇ! ಜಗತ್ತಿನಾಗ ಎಲ್ಲೀ ಹೋದ್ರೂ ಇದಾ ಹಣೇಬರ!” ಎಂದು ಮಾಸ್ತರರು ಬರಿಗಾಲಲ್ಲಿ ನಿಂತು ಭಾಷಣ ಶುರು ಮಾಡಿದರು.

ಕಳುವಾಗಿರಲಿಲ್ಲ. ಗುಡಿಯ ಇಬ್ಬರು ಮುದುಕಿಯರು ಬೇವರ್ಸಿಯಾಗಿ ಬಿದ್ದಿದ್ದ ಮೂವತ್ತಾರು ಚಪ್ಪಲಿಗಳನ್ನು ಆರಿಸಿ ತಂದು, ಅಳತೆ ನೋಡಿ, ಬಣ್ಣ ನೋಡಿ, ಜೋಡಿ ಕೂಡಿಸಿ, ಮೆಟ್ಟಿಲ ಬಳಿ ಸಾಲಾಗಿ ಹೊರಮುಖ ಮಾಡಿ ಇಟ್ಟಿದ್ದರು. ಒಂದು ಜೋಡಿಯ ಕಿತ್ತ ಉಂಗುಷ್ಟಕ್ಕೆ ದಾರದಿಂದ ಹೊಲಿಗೆಯನ್ನೂ ಹಾಕಿದ್ದರು. ಅದು ಮಾಸ್ತರರದೇ. ಮಾಸ್ತರರು ತುಂಬ ಹೊತ್ತು ಆ ಹೊಲಿಗೆಯನ್ನು ನೋಡಿದರು. ಆಮೇಲೆ ಆ ಮುದುಕಿಯರಿಗೆ ಬಗ್ಗಿ ಬಗ್ಗಿ ನಮಿಸಿದರು, ಅವರೂ ನಮಿಸಿದರು, ಇದು ಜಿಂಕೆಯ ದಾರಿ ಹಿಡಿಯುವ ಮೊದಲು ನಾನು ನಡುವೆ ಬಾವುಟ ತೂರಿಸಿದೆ.

ಈಗ ಕೊನೆಯ ದಿನಕ್ಕೆ ಬರುತ್ತೇನೆ. ಕೆರೆಯ ದಂಡೆಯಿಂದ ಗುಡ್ಡ ನೋಡುವ ದಿನ ಮಾಮೂಲಿನಂತೆ ಮೋಡದಲ್ಲೇ ಮುಗಿದಿತ್ತು. ಉಳಿದಿದ್ದು ಒಂದೇ ಅವಕಾಶ. ಕ್ಯೋಟೋದಿಂದ ಟೋಕಿಯೋಗೆ ಬುಲೆಟ್ ರೈಲಿನಲ್ಲಿ ಹೋಗುವಾಗ ಎಡಗಡೆಯ ಕಿಟಕಿಯಲ್ಲಿ ಒಂದೆರಡು ನಿಮಿಷ ಫುಜಿ ಕಾಣುತ್ತದೆ. ಅದಕ್ಕೆಂದೇ ನಾನು ಎಡಗಡೆಯ ಸೀಟುಗಳನ್ನು ಯೂಕೋಳ ಮೂಲಕ ಕಾದಿರಿಸಿದ್ದೆ. ಮರುದಿನ ವಿಮಾನ. ಇದು ತಪ್ಪಿದರೆ ನಾನು ಸಾಯುವ ತನಕ ಮಂಜಿನ ಮ್ಯಾನೇಜರನೇ.

ಬುಲೆಟ್ ರೈಲಿನ ವಿಷಯ ನಿಮಗೆ ಗೊತ್ತಿರಲಿ. ಅದು ಕ್ಯೋಟೋದಲ್ಲಿ ನಿಲ್ಲುವುದೇ ಒಂದೆರಡು ನಿಮಿಷ. ಅದರಲ್ಲಿ ಸೀನಿನ ಹತ್ತು ನಿಮಿಷ ಇರುವುದಿಲ್ಲ. ನಾನು ಜನರನ್ನು ಅರ್ಧ ತಾಸು ಮುಂಚೆಯೇ ಪ್ಲಾಟ್‌ಫಾರ್ಮಿಗೆ ತಂದು, ಗೆರೆಯ ಮೇಲೆ ಸಾಲು ನಿಲ್ಲಿಸಿ, ಬ್ಯಾಗುಗಳನ್ನು ಕೈಗೆ ಕೊಟ್ಟು ಸಿದ್ಧನಾಗಿದ್ದೆ. ರೈಲು ಬರಲು ನಾಲ್ಕು ನಿಮಿಷವಿತ್ತು. ಯೂಕೋ ನಮ್ಮಿಂದ ಕಲಿತ ಕನ್ನಡದಲ್ಲಿ, “ಬರ್ರಿ, ಹೋಗೋಣ ಬರ್ರಿ” ಎಂದಳು. ಎಂದವಳೇ ಮಾಸ್ಕಿನೊಳಗೆ ಸಣ್ಣಗೆ ಸೀನಿದಳು.

ಒಂದೇ ಒಂದು.

ಹುಲಿಗೆಮ್ಮಕ್ಕ ಬ್ಯಾಗು ಕೆಳಗಿಟ್ಟು ಪ್ಲಾಟ್‌ಫಾರ್ಮಿನ ಮೇಲೆ ಚಕ್ಕಳಬಕ್ಕಳ ಕುಳಿತುಬಿಟ್ಟಳು. ಸಾಲಾಗಿ ಹದಿನಾರು ಜನ ಕುಳಿತರು. ನೀರಿನ ಬಾಟಲಿಗಳ ಮುಚ್ಚಳ ತಿರುಗುವ ಸದ್ದು ಕೇಳಿತು. ಕೊನೆಗೆ ಮಾಸ್ತರರೂ ಕುಳಿತರು.

“ಮಾಸ್ತರ್ರೀ, ನೀವೂನಾ?” ಎಂದೆ ಹತಾಶನಾಗಿ.

“ನಾ ನಂಬಂಗಿಲ್ರಿ. ಮಣಕಾಲು ನೋಯಾಕತ್ತಾವ, ಅದಕ್ಕ ಕುಂತೀನಿ” ಎಂದರು ಅವರು ಬೇರೆ ಕಡೆ ನೋಡುತ್ತಾ.

“ಅಕ್ಕಾ, ಕೈ ಮುಗಿತೀನಿ, ಏಳು. ಈ ರೈಲು ಹೋದ್ರ ಗುಡ್ಡ ಹೋತು!”

“ಒಂಟಿ ಸೀನಾಗೇದ ತಮ್ಮಾ. ನನ್ ಕೈಯಾಗ ಹುಟ್ಟಿದ ಒಂದೂ ಕೂಸು ಒಂಟಿ ಸೀನಿಗೆ ಹೊಸಲ ದಾಟಿಲ್ಲ. ಈ ಬುಲೆಟ್ಟು ಗುಂಡಿನಂಗ ಹೋಗ್ತದಂತ ನೀನಾ ಹೇಳೀದಿ. ಅಂಥಾದ್ರಾಗ ಶಕುನ ಮೀರಿ ಹತ್ತಲೇನು?”

“ಹಂಗಾದ್ರ ಇನ್ನೊಂದು ಸೀನು ಬಂದ್ರ ಸರಿ ಅಲ್ಲ?”

“ಬರ್ಲಿ. ಆದ್ರ ಅದಾ ಮೂಗು ಸೀನ್ಬೇಕು” ಎಂದು ಅವಳು ತೀರ್ಪು ಕೊಟ್ಟಳು.

ನಾನು ಯೂಕೋಳ ಕಡೆ ತಿರುಗಿ, ದಯವಿಟ್ಟು ಇನ್ನೊಮ್ಮೆ ಸೀನಮ್ಮ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಅವಳು ಏಕೆಂದು ಕೇಳಲಿಲ್ಲ. ಪ್ರವಾಸಿಗರ ಕೋರಿಕೆ ಎಂದಮೇಲೆ ನಡೆಸಿಕೊಡಬೇಕೆಂಬುದು ಅವಳ ವೃತ್ತಿಧರ್ಮ. ಮಾಸ್ಕು ಇಳಿಸಿ, ದೀಪದ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಪ್ರಯತ್ನಿಸಿದಳು. ಮುಖ ಕೆಂಪಾಯಿತೇ ಹೊರತು ಸೀನು ಬರಲಿಲ್ಲ. ನನ್ನ ಕಡೆ ತಿರುಗಿ ಕ್ಷಮೆ ಕೇಳಿದಳು.

ಎರಡು ನಿಮಿಷ ಉಳಿದಿತ್ತು. ಹುಲಿಗೆಮ್ಮಕ್ಕನ ಬುತ್ತಿಯ ಚೀಲದಲ್ಲಿ ಶೇಂಗಾ ಹಿಂಡಿಯ ಜೊತೆಗೆ ಖಾರದ ಪುಡಿಯ ಪೊಟ್ಟಣವೂ ಇರುವುದು ನನಗೆ ಗೊತ್ತಿತ್ತು. ತೆಗೆದೆ. ಒಂದು ಚಿಟಿಕೆಯಷ್ಟೇ, ಯೂಕೋಳ ಮೂಗಿನ ಹತ್ತಿರ ಹಿಡಿದರೆ ಸಾಕು ಎಂದುಕೊಂಡು ಪೊಟ್ಟಣ ಬಿಚ್ಚಿದೆ. ಅದೇ ಹೊತ್ತಿಗೆ ಎದುರಿನ ಹಳಿಗೆ ನುಗ್ಗಿ ಬಂದ ಯಾವುದೋ ರೈಲು ಒಂದು ದೊಡ್ಡ ಗಾಳಿ ತಂದಿತು. ಇಡೀ ಪೊಟ್ಟಣ ನನ್ನ ಮುಖಕ್ಕೆ ಬಂತು.

ನಾನು ಸೀನಲು ಶುರು ಮಾಡಿದೆ. ಕಣ್ಣಿಗೆ ಬೆಂಕಿ ಬಿದ್ದಿತ್ತು, ಏನೂ ಕಾಣುತ್ತಿರಲಿಲ್ಲ. ಹುಲಿಗೆಮ್ಮಕ್ಕ ಗಟ್ಟಿಯಾಗಿ ಎಣಿಸುವುದು ಮಾತ್ರ ಕೇಳುತ್ತಿತ್ತು. “ಐದು… ಆರು…” ಆರಕ್ಕೆ ನಿಲ್ಲಬಾರದೇ ದೇವರೇ ಎಂದು ಮೂಗು ಒತ್ತಿ ಹಿಡಿದೆ. ನಿಲ್ಲಲಿಲ್ಲ.

“ಏಳು! ಬೆಸ ಆತು. ಕೂಡ್ರಿ ಎಲ್ಲಾರೂ” ಎಂದಳು.

ಆಗ ಗಣಿತದ ಮಾಸ್ತರರಿಗೆ ತಡೆಯಲಾಗಲಿಲ್ಲ. ನಂಬಿಕೆ ಬೇರೆ, ಲೆಕ್ಕ ತಪ್ಪುವುದು ಬೇರೆ. “ಹೆಂಗ ಬೆಸ ಆಗ್ತದವಾ? ಆ ಹುಡುಗಿದು ಒಂದು, ಇವರದು ಏಳು. ಕೂಡ್ಸು. ಎಂಟು! ನಾಕು ಜೋಡಿ!”

“ಮೂಗು ಬ್ಯಾರೆ ಬ್ಯಾರೆ ಅದಾವಲ್ರೀ.”

“ಕೂಡ್ಸೋ ಲೆಕ್ಕದಾಗ ಮೂಗು ಬರಂಗಿಲ್ಲ!”

ಇಬ್ಬರೂ ವಾದಿಸುತ್ತಿದ್ದಾಗ ನಮ್ಮ ರೈಲು ಬಂತು. ಹುಲಿಗೆಮ್ಮಕ್ಕ ಬೆರಳು ಮಡಿಸಿ ಮತ್ತೊಮ್ಮೆ ಕೂಡಿಸಿ ನೋಡಿ, ಮಾಸ್ತರರು ಹೇಳುವುದರಲ್ಲೂ ನ್ಯಾಯವಿದೆ ಎಂದು ಒಪ್ಪಿ, ಮೊಣಕಾಲಿಗೆ ಕೈಯೂರಿ ಎದ್ದು ನಿಂತಾಗ ಬಾಗಿಲು ಮುಚ್ಚಿತು. ರೈಲು ಎಡಗಡೆಯ ಹದಿನೆಂಟು ಖಾಲಿ ಸೀಟುಗಳನ್ನು ಹೊತ್ತು ಹೊರಟುಹೋಯಿತು. ಯೂಕೋ ಅದು ಮರೆಯಾಗುವ ತನಕ ಅದರ ಹಿಂಭಾಗಕ್ಕೆ ತಲೆಬಾಗಿ ನಿಂತಿದ್ದಳಂತೆ. ಅವಳ ಕೆಲಸದಲ್ಲಿ ಒಂದು ರೈಲು ತಪ್ಪಿದ್ದು ಅದೇ ಮೊದಲು. ನಾನು ಪ್ಲಾಟ್‌ಫಾರ್ಮಿನ ಮೇಲೆ ಕುಳಿತು ಅತ್ತೆ. ಖಾರದಿಂದ ಎಂದು ಎಲ್ಲರೂ ತಿಳಿದರು, ನಾನೂ ಹಾಗೆಂದೇ ಹೇಳಿದೆ. ಅಲ್ಲ.

ಟಿಕೆಟ್ಟು ಮುಂದಿನ ರೈಲಿಗೂ ನಡೆಯುತ್ತಿತ್ತು, ಆದರೆ ಸೀಟು ಸಿಕ್ಕಿದವರಿಗುಂಟು. ಹತ್ತಿದ ಡಬ್ಬಿಯಲ್ಲಿ ಒಂದೂ ಸಿಗಲಿಲ್ಲ. ಹದಿನೆಂಟು ಜನ ಬಾಗಿಲ ಬಳಿಯ ಜಾಗದಲ್ಲಿ ಬ್ಯಾಗುಗಳ ಮೇಲೆ ಒತ್ತೊತ್ತಾಗಿ ನಿಂತರು. ನನ್ನನ್ನು ಒಂದು ಸೂಟ್‌ಕೇಸಿನ ಮೇಲೆ ಕೂಡಿಸಿ, ಹುಲಿಗೆಮ್ಮಕ್ಕ ತನ್ನ ಸೀರೆಯ ಸೆರಗನ್ನು ನೀರಿನಲ್ಲಿ ಅದ್ದಿ ಕಣ್ಣಿಗೆ ಒತ್ತುತ್ತಾ ಬಂದಳು. “ಸುಮ್ನ ಕುಂದ್ರೋ. ಇಷ್ಟು ಒದ್ದಾಡೋ ಗಂಡಸೂರು ಹೆರಿಗಿ ವಾರ್ಡಿನ ಹೊರಗ ಮಾತ್ರ ನೋಡೀನಿ” ಎಂದು ಬೈದಳು.

ಒಂದೂವರೆ ತಾಸಿಗೂ ಮಿಕ್ಕಿ ಹಾಗೆಯೇ ಹೋದೆವು. ಯೂಕೋ ನನ್ನ ಕಿವಿಯ ಬಳಿ ಬಂದು, ಗುಡ್ಡದ ಜಾಗ ಬರುತ್ತಿದೆ, ಪೂರ್ತಿ ಮೋಡ, ಕ್ಷಮಿಸಬೇಕು ಎಂದಳು. ನಾನು ಕಣ್ಣು ಮುಚ್ಚಿಕೊಂಡೇ, ಇರಲಿ ಬಿಡಮ್ಮ, ಹದಿನಾಲ್ಕು ಸಲವೂ ನೀನು ಒಳ್ಳೆಯ ಮಾತಾಡಿದ್ದೀಯ ಎಂದೆ.

ಆಮೇಲೆ ಡಬ್ಬಿಯಲ್ಲಿ ಸದ್ದು ಅಡಗಿತು. ನಮ್ಮವರು ಸುಮ್ಮನಾಗುವುದು ಅಂದರೆ ಏನೋ ಆಗಿದೆ ಎಂದೇ ಅರ್ಥ.

“ಯವ್ವಾ…” ಎಂದಳು ಹುಲಿಗೆಮ್ಮಕ್ಕ. ಕಣ್ಣಿಗೆ ಒತ್ತಿದ್ದ ಸೆರಗು ಜಾರಿ ನನ್ನ ಮಡಿಲಿಗೆ ಬಿತ್ತು. “ಯವ್ವಾ ಯವ್ವಾ ಯವ್ವಾ!”

“ಏನಕ್ಕಾ? ಏನದು?”

“ಗುಡ್ಡ! ಗುಡ್ಡ ಬಂತು! ಮೋಡ ಸೆರಗು ಸರಿಸ್ದಂಗ ಸರೀತು ನೋಡೋ!”

ಹದಿನೆಂಟು ಜನ ಕೂಗಿದರು. ಡಬ್ಬಿಯ ಜಪಾನಿಗಳೂ ಕೂಗಿದರಂತೆ, ಕೂಗಿ ನಾಚಿಕೊಂಡರಂತೆ. ನಾನು ಎರಡೂ ಕೈಯಿಂದ ರೆಪ್ಪೆ ಎಳೆದು ಕಣ್ಣು ಬಿಟ್ಟೆ. ನೀರಿನಲ್ಲಿ ತೇಲುವ ಹಾಗೆ ದೊಡ್ಡದಾಗಿ, ಬೆಳ್ಳಗೆ, ಗಂಭೀರವಾಗಿ ಒಂದು ಆಕಾರ ಕಂಡಿತು. ಕೈ ಮುಗಿದೆ. ಆ ಆಕಾರ ನನ್ನ ಕಡೆ ತಿರುಗಿ, “ಕಂಡ್ತೇನ್ರೀ ಮ್ಯಾನೇಜರ್ರೇ?” ಎಂದು ಕೇಳಿತು. ಅದು ಭೀಮರಾಯ ಮಾಸ್ತರರ ಬಿಳಿ ಅಂಗಿಯ ಬೆನ್ನು. ಅವರು ಸರಿದು ಜಾಗ ಬಿಡುವಷ್ಟರಲ್ಲಿ ಸುರಂಗ ಬಂತು.

ರಾಯಚೂರಿಗೆ ಬಂದಮೇಲೆ, ನಮ್ಮವರು ರೈಲಿನಲ್ಲಿ ಫೋನಿನಿಂದ ತೆಗೆದಿದ್ದ ಗುಡ್ಡದ ಫೋಟೋವನ್ನು ಸಾವ್ಕಾರರಿಗೆ ತೋರಿಸಿದೆವು. ಅವರು ಗೋಡೆಯ ಕ್ಯಾಲೆಂಡರನ್ನೂ ಫೋನನ್ನೂ ಅಕ್ಕಪಕ್ಕ ಹಿಡಿದು, “ಇದು ಅದಾ ಫೋಟೋ ಅಲ್ಲೇನು?” ಎಂದರು. ಊರಿನವರೂ ಹಾಗೆಯೇ ಎಂದರು. ಕೊನೆಗೆ ಹುಲಿಗೆಮ್ಮಕ್ಕ ಬಾಗಲವಾಡದಿಂದ ಬಸ್ಸು ಹತ್ತಿ ಬಂದು ತೀನ್ ಕಂದೀಲ್‌ನ ಚಹಾದಂಗಡಿಯಲ್ಲಿ ಕುಳಿತಳು. “ಗುಡ್ಡ ಅದ. ನಾ ನೋಡೀನಿ. ಇಲ್ಲ ಅನ್ನಾವ ಮುಂದ ಬಾ, ನೀ ಹುಟ್ಟಿದಾಗ ಹೆಂಗ ಅಳ್ತಿದ್ದಿ ಅಂತ ಎಲ್ಲಾರ ಮುಂದ ಹೇಳ್ತೀನಿ” ಎಂದಳು. ಯಾರೂ ಮುಂದೆ ಬರಲಿಲ್ಲ. ಜಪಾನ್ ಬೋರ್ಡು ಇಂದಿಗೂ ಅಲ್ಲೇ ಇದೆ.

ಸಾವ್ಕಾರರು ಬೀಳ್ಕೊಡುಗೆಯ ದಿನ ಹಾರ ಹಾಕಿ, “ನೀನೂ ನೋಡಿದ್ಯೇನು ಶರಣಪ್ಪ?” ಎಂದು ಕೇಳಿದರು. “ನಾ ತೋರಿಸಿದೆ ರೀ” ಎಂದೆ. ಅವರಿಗೆ ಅದು ಸಾಕಾಯಿತು. ನನಗೆ ಸಾಕಾಗಿರಲಿಲ್ಲ. ಹದಿನಾಲ್ಕು ಸಲ ಹೋಗಿ ನೋಡಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು, ಅದನ್ನು ಒಬ್ಬರಿಗೂ ಹೇಳಿರಲಿಲ್ಲ.

ಹೋದ ತಿಂಗಳು ಹುಲಿಗೆಮ್ಮಕ್ಕ ಬಾಗಲವಾಡಕ್ಕೆ ಊಟಕ್ಕೆ ಕರೆದಳು. ದೇವದುರ್ಗದಿಂದ ಮಾಸ್ತರರೂ ಬಂದಿದ್ದರು, ಕಾಲಲ್ಲಿ ಅದೇ ಹೊಲಿಗೆಯ ಚಪ್ಪಲಿ. ರೊಟ್ಟಿ, ಪುಂಡಿಪಲ್ಯ, ಹಿಂಡಿ ಆದಮೇಲೆ ಅವಳು ನನ್ನ ತಾಟಿನಲ್ಲಿ ಅನ್ನವನ್ನು ರಾಶಿ ಹಾಕಿ, ಅಂಗೈಯಿಂದ ಸುತ್ತ ಒತ್ತಿ, ನೆತ್ತಿಯನ್ನು ಚೂರು ಚಪ್ಪಟೆ ಮಾಡಿದಳು. ಮೇಲೆ ಗಟ್ಟಿ ಮೊಸರು ಬಿಟ್ಟಳು. ಅದು ನಿಧಾನಕ್ಕೆ ಇಳಿಯಿತು.

“ಹಿಂಗಿತ್ತು ನೋಡು ತಮ್ಮಾ. ಮೊದ್ಲ ನೋಡು, ಆಮ್ಯಾಲೆ ಉಣ್ಣು” ಎಂದಳು.

“ಎಡಗಡಿ ಇಷ್ಟು ಕಡಿದಾಗಿರ್ಲಿಲ್ಲವಾ” ಎಂದು ಮಾಸ್ತರರು ಚಮಚದಿಂದ ಇಳಿಜಾರು ತಿದ್ದಿದರು. “ಮೊಸರು ಇನ್ನೊಂಚೂರು ಹಾಕ್ರಿ, ಹಿಮ ಕಡಿಮಿ ಆತು.”

ನಾನು ನೋಡಿದೆ. ನನ್ನ ಹಿಂದೆ ಎಣಿಸಬೇಕಾದ ತಲೆ ಒಂದೂ ಇರಲಿಲ್ಲ. ಕೈಯಲ್ಲಿ ಬಾವುಟವೂ ಇರಲಿಲ್ಲ. ನೋಡುವ ವಸ್ತುವಿಗೆ ನೆಟ್ಟಗೆ ಮುಖ ಮಾಡಿ, ಹೊಟ್ಟೆ ತುಂಬುವಷ್ಟು ಹೊತ್ತು ನೋಡಿದೆ. ಅಷ್ಟರಲ್ಲಿ ಹಿಂಡಿಯ ಘಾಟು ಮೂಗಿಗೆ ಹತ್ತಿ ಜೋರಾಗಿ ಸೀನಿದೆ.

ಒಂದೇ ಒಂದು.

ಮೂವರ ಕೈಯೂ ಅಲ್ಲಲ್ಲೇ ನಿಂತಿತು. ಎರಡನೆಯದಕ್ಕೆ ಕಾದೆವು. ಬರಲಿಲ್ಲ. ಹುಲಿಗೆಮ್ಮಕ್ಕ ನೀರಿನ ಚೊಂಬು ನನ್ನ ಕಡೆ ಸರಿಸಿದಳು. ಹೇಗೂ ಕುಳಿತೇ ಇದ್ದೆವು, ಎಲ್ಲಿಗೂ ಹೊರಟಿರಲಿಲ್ಲ. ನಾನು ಒಂದು ಗುಟುಕು ನೀರು ಕುಡಿದು, ಗುಡ್ಡದ ತುದಿಗೆ ಕೈ ಹಾಕಿದೆ.